ಡೊಂಕು ಕಂಟ್ರೋಲರ್‌ನಲ್ಲಿತ್ತೇ?

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಗೇಮಿಂಗ್ ಕನ್ಸೋಲ್ ಸೋತಾಗಲೂ ದೂರು ಮೊದಲು ಹೋಗುವುದು ಕೈಯಲ್ಲಿರುವ ಕಂಟ್ರೋಲರ್ ಮೇಲೆ. ಗೆದ್ದರೆ ಹೊಗಳಿಕೆಯೂ ಅದಕ್ಕೇ. ಎರಡೂ ಅರ್ಧ ಸತ್ಯ.

ತಪ್ಪು ಕಲ್ಪನೆ: ಮೂರು ಹಿಡಿಕೆಯ ಕಂಟ್ರೋಲರ್‌ನಿಂದ ನಿಂಟೆಂಡೊ 64 ಹಿಂದೆ ಬಿತ್ತು.

ಸತ್ಯ: ಎರಡು ಕೈಗೆ ಮೂರು ಹಿಡಿಕೆ ಕಂಡರೆ ನಗು ಬರುವುದು ಸಹಜ. ಆದರೆ 1996ರ ಈ ಕನ್ಸೋಲ್‌ಗೆ ದೊಡ್ಡ ಪೆಟ್ಟು ಕೊಟ್ಟದ್ದು ಕಾರ್ಟ್ರಿಜ್. ಅದರಲ್ಲಿ ಹೆಚ್ಚೆಂದರೆ 64 ಎಂಬಿ ಹಿಡಿಯುತ್ತಿತ್ತು. ಸೋನಿ ಪ್ಲೇಸ್ಟೇಷನ್‌ನ ಸಿಡಿಯಲ್ಲಿ ಅದರ ಹತ್ತು ಪಟ್ಟು, ಅದೂ ಅಗ್ಗದಲ್ಲಿ. ಅಲ್ಲಿಯವರೆಗೆ ನಿಂಟೆಂಡೊ ಜೊತೆಗಿದ್ದ ‘ಫೈನಲ್ ಫ್ಯಾಂಟಸಿ’ ಸರಣಿಯ ಏಳನೇ ಆಟ 1997ರಲ್ಲಿ ಮೂರು ಸಿಡಿಗಳಲ್ಲಿ ಪ್ಲೇಸ್ಟೇಷನ್‌ಗೆ ಬಂತು. ಇನ್ನು ನಗು ತರಿಸಿದ ಆ ಕಂಟ್ರೋಲರ್‌ನ ಮಾತು: ನಡುವಿನ ಹಿಡಿಕೆಯ ಪುಟ್ಟ ಕಡ್ಡಿಯನ್ನು ಮೆಲ್ಲಗೆ ವಾಲಿಸಿದರೆ ಆಟದ ನಾಯಕ ಮಾರಿಯೊ ನಡೆಯುತ್ತಿದ್ದ, ಪೂರ್ತಿ ವಾಲಿಸಿದರೆ ಓಡುತ್ತಿದ್ದ. 1997ರಲ್ಲೇ ಸೋನಿ ತನ್ನ ಕಂಟ್ರೋಲರ್‌ಗೆ ಅಂಥ ಎರಡು ಕಡ್ಡಿ ಸೇರಿಸಿತು.

ತಪ್ಪು ಕಲ್ಪನೆ: ನಿಂಟೆಂಡೊದ ‘ವೀ’ ಕನ್ಸೋಲ್ ಗೆದ್ದದ್ದು ರಿಮೋಟ್‌ನ ಹೊಸತನದಿಂದಲೇ.

ಸತ್ಯ: 2006ರಲ್ಲಿ ಬಂದ ವೀ ಜೊತೆ, ಜಪಾನ್ ಬಿಟ್ಟು ಹೆಚ್ಚಿನ ಕಡೆ, ‘ವೀ ಸ್ಪೋರ್ಟ್ಸ್’ ಆಟ ಡಬ್ಬಿಯಲ್ಲೇ ಸಿಗುತ್ತಿತ್ತು. ಟೆನಿಸ್ ಆಡಲು ರಿಮೋಟ್ ಹಿಡಿದ ಕೈ ಬೀಸಿದರೆ ಮುಗಿಯಿತು, ಅಜ್ಜಿಗೂ ವಿವರಿಸಬೇಕಿರಲಿಲ್ಲ. ಅಮೆರಿಕದಲ್ಲಿ ಬೆಲೆ 250 ಡಾಲರ್, ಪ್ಲೇಸ್ಟೇಷನ್ 3ಕ್ಕೆ ಕನಿಷ್ಠ 500. ಮಾರಾಟ 10 ಕೋಟಿ ದಾಟಿತು. ಹೊಸತನವೇ ಸಾಕಿದ್ದರೆ 2012ರ ‘ವೀ ಯು’ ಕೂಡ ಗೆಲ್ಲಬೇಕಿತ್ತು. ಅದರ ಕಂಟ್ರೋಲರ್‌ನಲ್ಲೇ 6.2 ಇಂಚಿನ ಟಚ್‌ಸ್ಕ್ರೀನ್ ಇತ್ತು. ಅದು ಹಳೆಯ ವೀಗೆ ಜೋಡಿಸುವ ಸಾಮಾನು ಎಂದುಕೊಂಡವರೇ ಬಹಳ. ಎರಡನೇ ಪರದೆ ಏಕೆಂದು ಆಡಿದ ಕೂಡಲೇ ಹೊಳೆಯುವಂಥ ಆಟವೂ ಇರಲಿಲ್ಲ. ಮಾರಾಟ 1.36 ಕೋಟಿಗೆ ನಿಂತಿತು.

ತಪ್ಪು ಕಲ್ಪನೆ: ಕಂಟ್ರೋಲರೇ ಬೇಡವೆಂದ ‘ಕೈನೆಕ್ಟ್’ ಕ್ಯಾಮೆರಾ ಯಾರಿಗೂ ಬೇಕಿರಲಿಲ್ಲ.

ಸತ್ಯ: 2010ರಲ್ಲಿ ಎಕ್ಸ್‌ಬಾಕ್ಸ್ 360ಕ್ಕೆ ಬಂದಾಗ 60 ದಿನಗಳಲ್ಲಿ 80 ಲಕ್ಷ ಖರ್ಚಾಯಿತು. ಆಗ ಬೇಕೆಂದವರು ಮಾತ್ರ ಕೊಂಡರು. 2013ರಲ್ಲಿ ಎಕ್ಸ್‌ಬಾಕ್ಸ್ ಒನ್ ಜೊತೆ ಅದನ್ನು ಎಲ್ಲರಿಗೂ ಗಂಟುಹಾಕಿದಾಗ ಬೆಲೆ 500 ಡಾಲರ್ ಆಯಿತು. ಎದುರಾಳಿ ಪ್ಲೇಸ್ಟೇಷನ್ 4ರದು 400. ಎಕ್ಸ್‌ಬಾಕ್ಸ್ ತಯಾರಕ ಮೈಕ್ರೋಸಾಫ್ಟ್ 2014ರ ಜೂನ್‌ನಲ್ಲಿ ಕೈನೆಕ್ಟ್ ಬಿಟ್ಟು 400 ಡಾಲರಿಗೆ ಇಳಿಯಬೇಕಾಯಿತು.

ಮುಂದೆ ವಿಚಿತ್ರ ಕಂಟ್ರೋಲರ್ ಬಂದರೆ ಅದರ ಆಕಾರ ನೋಡಿ ಭವಿಷ್ಯ ಹೇಳಬೇಡಿ. ಜೊತೆಗೆ ಯಾವ ಆಟ ಇದೆ, ಬೆಲೆ ಎಷ್ಟು, ಬೇಡವೆನ್ನಲು ಅವಕಾಶ ಉಂಟೇ ಎಂದು ಕೇಳಿ.