ಮಗನನ್ನು ಕಾರ್ಖಾನೆ ಕೆಲಸಕ್ಕೆ ಕಳಿಸುವ ಮುನ್ನ



ಮೈಸೂರಿನ ಪಶ್ಚಿಮದ ಅಂಚಿನಲ್ಲಿರುವ ಬೋಗಾದಿಯನ್ನು ನಿಮ್ಮಲ್ಲಿ ಅನೇಕರು ಕಂಡಿದ್ದೀರಿ. ಹೊಲಗಳಿದ್ದ ಕಡೆ ಬಡಾವಣೆಗಳು ಎದ್ದವು. 2020ರಲ್ಲಿ ಊರು ಪಟ್ಟಣ ಪಂಚಾಯಿತಿಯಾಯಿತು. ಇಂಥ ಊರುಗಳ ಮಕ್ಕಳು ಇಂದು ಹೂಟಗಳ್ಳಿ, ಹೆಬ್ಬಾಳದ ಕಾರ್ಖಾನೆಗಳಲ್ಲಿ ಸಹಾಯಕರಾಗಿ, ಗೇಟು ಕಾಯುವವರಾಗಿ ಸೇರುತ್ತಾರೆ. ಮೈಮುರಿದು ದುಡಿದರೆ ಹತ್ತು ವರ್ಷದಲ್ಲಿ ಮಗ ಒಂದು ನೆಲೆಗೆ ಬರುತ್ತಾನೆಂದು ತಂದೆತಾಯಿಗಳು ನಂಬುತ್ತಾರೆ. ಈ ನಂಬಿಕೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ವಿಚಾರ ಮಾಡೋಣ.

ಹಿಂದೆ ಇದು ಬಹುಮಟ್ಟಿಗೆ ಸರಿಯಾಗಿತ್ತು. ಕೃಷ್ಣರಾಜೇಂದ್ರ ಮಿಲ್ಲಿನಲ್ಲೋ ರೈಲ್ವೆ ಕಾರ್ಯಾಗಾರದಲ್ಲೋ ಕಾಯಂ ಆದವನ ಸಂಬಳ ವರ್ಷವರ್ಷವೂ ಏರುತ್ತಿತ್ತು. ಆದರೂ ಯಾದವಗಿರಿಯ ಜಾವಾ ಮೋಟಾರ್ ಸೈಕಲ್ ಕಾರ್ಖಾನೆ 1996ರಲ್ಲಿ ಮುಚ್ಚಿಹೋದದ್ದನ್ನು ಮರೆಯಬಾರದು. ಈಗಂತೂ ಮೊದಲ ಕೆಲಸ ಅನೇಕರಿಗೆ ದೊರೆಯುವುದು ಕಂಟ್ರಾಕ್ಟರ ಮೂಲಕ. ಕಂಟ್ರಾಕ್ಟರು ಬದಲಾದರೆ, ಹುಡುಗ ಅದೇ ಯಂತ್ರದ ಮುಂದೆ ನಿಂತಿದ್ದರೂ ಕಾಗದದಲ್ಲಿ ಹೊಸಬನಾಗುತ್ತಾನೆ. ಹೀಗಾಗಿ ದುಡಿಮೆಯಷ್ಟೇ ಸಾಲದು, ದುಡಿಮೆಯ ಲೆಕ್ಕವೂ ಕಡಿಯದೆ ಮುಂದುವರಿಯಬೇಕು.

ಹಿರಿಯರು ಹಗೇವಿನಲ್ಲಿ ರಾಗಿ ತುಂಬಿ ಬರಗಾಲಕ್ಕೆ ಕಾಯ್ದಿಡುತ್ತಿದ್ದರಲ್ಲವೆ? ಸಂಬಳಗಾರನ ಹಗೇವು ಪ್ರಾವಿಡೆಂಟ್ ಫಂಡು. 1952ರ ಕಾಯಿದೆಯಿಂದ ಬಂದ ಈ ಏರ್ಪಾಡು 20 ಅಥವಾ ಹೆಚ್ಚು ಜನ ದುಡಿಯುವ ಕಡೆ ಅನ್ವಯಿಸುತ್ತದೆ. ತಿಂಗಳಿಗೆ 15,000 ರೂಪಾಯಿ ವೇತನವೆಂದು ಇಟ್ಟುಕೊಳ್ಳಿ. ಶೇಕಡ 12ರಂತೆ ಮಗನ ಸಂಬಳದಿಂದ 1,800 ರೂಪಾಯಿ ಹಿಡಿಯುತ್ತಾರೆ. ಮಾಲೀಕರೂ ಅಷ್ಟೇ ಹಾಕಬೇಕು. ಮಾಲೀಕರ ಪಾಲಿನಲ್ಲಿ ಸುಮಾರು 1,250 ರೂಪಾಯಿ ಪಿಂಚಣಿಗೆ ಹೋಗುತ್ತದೆ, ಉಳಿದದ್ದು ಫಂಡಿಗೆ. ಅಂದರೆ ಫಂಡಿನಲ್ಲಿ ತಿಂಗಳಿಗೆ 2,350ರಂತೆ ಹತ್ತು ವರ್ಷಕ್ಕೆ ಬಡ್ಡಿ ಬಿಟ್ಟೇ 2,82,000 ರೂಪಾಯಿ ಕೂಡುತ್ತದೆ.

ಕೆಲಸ ಬಿಟ್ಟಾಗಲೆಲ್ಲ ಈ ಹಣವನ್ನೂ ಪಿಂಚಣಿಯ ಪಾಲನ್ನೂ ತೆಗೆದು ಮೊಬೈಲಿಗೋ ಹಬ್ಬಕ್ಕೋ ಖರ್ಚು ಮಾಡುವವರಿದ್ದಾರೆ. ಇದು ಬಿತ್ತನೆಯ ರಾಗಿಯನ್ನು ಬೀಸಿ ಉಂಡಂತೆ. ಪಿಂಚಣಿಗೆ ಕನಿಷ್ಠ 10 ವರ್ಷದ ಸೇವೆ ಬೇಕು. ಆ ಪಾಲನ್ನು ವಾಪಸು ಪಡೆದವನ ಹಿಂದಿನ ವರ್ಷಗಳು ಲೆಕ್ಕದಿಂದ ಅಳಿದುಹೋಗುತ್ತವೆ. ಆದುದರಿಂದ ಯು.ಎ.ಎನ್. ಎಂಬ 12 ಅಂಕಿಯ ಸಂಖ್ಯೆಯನ್ನು ಮಗ ಬರೆದಿಟ್ಟುಕೊಂಡು, ಹೊಸ ಕೆಲಸದಲ್ಲಿಯೂ ಅದನ್ನೇ ಕೊಡಲಿ. ಕಂಟ್ರಾಕ್ಟರು ಹಣ ಹಿಡಿದೂ ಕಟ್ಟದಿರುವುದುಂಟು. ಮೂರು ತಿಂಗಳಿಗೊಮ್ಮೆ ಪಾಸ್‌ಬುಕ್ ನೋಡಿದರೆ ಇದು ತಿಳಿಯುತ್ತದೆ.

ಇಷ್ಟೆಲ್ಲ ಮಾಡಿದರೆ ಎಷ್ಟು ದೊರೆತೀತು? 15,000 ರೂಪಾಯಿಯನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿರಿ. 35 ವರ್ಷ ದುಡಿದವನಿಗೆ ತಿಂಗಳಿಗೆ 7,500 ರೂಪಾಯಿ ಪಿಂಚಣಿ. 10 ವರ್ಷದವನಿಗೆ 2,142. ಇದು ಸಂಸಾರ ನಡೆಸುವ ಹಣವಲ್ಲ. ಇಂಥ ಕೆಲಸವೊಂದನ್ನೇ ನೆಚ್ಚಿ ಇರುವ ಜಮೀನನ್ನೆಲ್ಲ ಮಾರುವುದು ವಿವೇಕವಲ್ಲವೆಂದೇ ನಮ್ಮ ಅಭಿಪ್ರಾಯ. ಎರಡು ಎಕರೆಯೂ ಒಂದು ಹಸುವೂ ಉಳಿದಿದ್ದರೆ ಕೆಲಸವಿಲ್ಲದ ತಿಂಗಳುಗಳಲ್ಲಿ ಮನೆ ನಡೆದೀತು.

ಇ.ಎಸ್.ಐ. ವಿಚಾರವೂ ಇದೆ. 2017ರಿಂದ 21,000 ರೂಪಾಯಿವರೆಗಿನ ಸಂಬಳದವರು ಇದಕ್ಕೆ ಸೇರಿದರು. 15,000 ಸಂಬಳದಲ್ಲಿ ಹಿಡಿಯುವುದು ಸುಮಾರು 113 ರೂಪಾಯಿ; ಮನೆಮಂದಿಗೂ ಚಿಕಿತ್ಸೆ ಸಿಗುತ್ತದೆ. ಒಂದು ಶಸ್ತ್ರಚಿಕಿತ್ಸೆಗೆ ಒಂದು ಎಕರೆ ಮಾರಿದವರನ್ನು ಬಲ್ಲವರಿಗೆ ಇದರ ಬೆಲೆ ಹೇಳಬೇಕಿಲ್ಲ. ಮೋಟಾರ್ ಸೈಕಲ್ಲಿನಲ್ಲಿ ಊಟ, ಸಾಮಾನು ತಲುಪಿಸುವ ಕೆಲಸದಲ್ಲಿ ಸಾಮಾನ್ಯವಾಗಿ ಫಂಡೂ ಇಲ್ಲ, ಇ.ಎಸ್.ಐ.ಯೂ ಇಲ್ಲ. ಅವರಿಗಾಗಿ ಕರ್ನಾಟಕವು 2025ರಲ್ಲಿ ಬೇರೆ ಕಾನೂನು ಮಾಡಿದೆ.

2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ಕೆಲಸಕ್ಕೆ ಸೇರಿಸಿಕೊಂಡವರು ನೇಮಕಾತಿ ಪತ್ರ ಕೊಡತಕ್ಕದ್ದು. ಪತ್ರದಲ್ಲಿ ಅವಧಿ ನಮೂದಿಸಿ ನೇಮಿಸಿದವರಿಗೆ ಒಂದು ವರ್ಷದ ಸೇವೆಗೂ ಗ್ರಾಚುಯಿಟಿ ಸಲ್ಲುತ್ತದೆ. ಆ ಪತ್ರವನ್ನು ಪಹಣಿಯ ಜೊತೆಗೇ ಪೆಟ್ಟಿಗೆಯಲ್ಲಿಡಿ. ಫಂಡಿನ ಖಾತೆಯಲ್ಲಿ ವಾರಸುದಾರರ ಹೆಸರು ಬರೆಸಿದೆಯೇ ಎಂದು ಈ ಸಲ ಮಗ ರಜೆಗೆ ಬಂದಾಗ ಕೇಳಿರಿ.