ಬಸವನಗುಡಿಯ ಆ 1945

1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಹುಬ್ಬಳ್ಳಿ ಕಡೆಯಿಂದ ರೈಲು ಹತ್ತಿ ಬಂದ ಮಾರಿ ಪೇಟೆಯ ಇಕ್ಕಟ್ಟಿನ ಕೇರಿಗಳಿಗೆ ನುಗ್ಗಿ ಸಾವಿರಾರು ಜೀವಗಳನ್ನು ತೆಗೆದುಕೊಂಡಿತು. ಊರ ಹೊರಗೆ ಎರಡು ಹೊಸ ಬಡಾವಣೆಗಳ ನಕ್ಷೆ ಅಷ್ಟರಲ್ಲಾಗಲೇ ಸಿದ್ಧವಾಗಿತ್ತು. ಉತ್ತರಕ್ಕೆ ಮಲ್ಲೇಶ್ವರ, ದಕ್ಷಿಣಕ್ಕೆ ಬಸವನಗುಡಿ. ಅಲ್ಲಿಯವರೆಗೆ ಊರಾಚೆ ಹೋಗಿ ಮನೆ ಕಟ್ಟಲು ಹಿಂದೇಟು ಹಾಕುತ್ತಿದ್ದ ಪೇಟೆಯ ಜನ ಪ್ಲೇಗಿನ ಭಯಕ್ಕೆ ಗಂಟುಮೂಟೆ ಕಟ್ಟಿದರು.

ಅಗಲ ರಸ್ತೆ, ಗಾಳಿ ಬೆಳಕಿನ ಮನೆ, ಮುಂದೆ ಹೂಗಿಡ, ಹಿಂದೆ ಜಲಗಾರರು ಓಡಾಡಲು ಒಂದು ಸಣ್ಣ ಗಲ್ಲಿ. ನೈರ್ಮಲ್ಯದ ಹೆಸರಿನಲ್ಲಿ ಬರೆದ ಆ ನಕ್ಷೆಯಲ್ಲಿ ಜಾತಿಯ ಗೆರೆಯೂ ಇತ್ತು. ಹಿತ್ತಿಲ ಗಲ್ಲಿಯಲ್ಲಿ ನಡೆಯಬೇಕಾದವರು ಯಾರು, ಮುಂಬಾಗಿಲಿನಿಂದ ಒಳಗೆ ಬರುವವರು ಯಾರು ಎಂಬುದು ಇಟ್ಟಿಗೆ ಇಡುವ ಮೊದಲೇ ತೀರ್ಮಾನವಾಗಿತ್ತು. ಬಸವನಗುಡಿಯ ಹಿರಿಮೆಯನ್ನು ಹೇಳಲು ಹೊರಟವರು ಇದನ್ನೂ ಹೇಳಬೇಕು.

ಬಡಾವಣೆಗಿಂತ ಹಳೆಯದು ಸುಂಕೇನಹಳ್ಳಿ. ಕಡಲೆಕಾಯಿ ಹೊಲ ಮೇಯುತ್ತಿದ್ದ ಬಸವನನ್ನು ಸಮಾಧಾನಪಡಿಸಲು ರೈತರು ಗುಡಿ ಕಟ್ಟಿದರಂತೆ, ಮೊದಲ ಫಸಲನ್ನು ಅವನಿಗೇ ಒಪ್ಪಿಸಿದರಂತೆ. ಕಾರ್ತಿಕದ ಕೊನೆಯ ಸೋಮವಾರ ಇಂದಿಗೂ ಪರಿಷೆ ಸೇರುತ್ತದೆ. ಹಸಿ, ಹುರಿದ, ಬೇಯಿಸಿದ ಕಡಲೆಕಾಯಿ ರಾಶಿಗಳ ನಡುವೆ ಬುಲ್ ಟೆಂಪಲ್ ರಸ್ತೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನಗರ ಎಷ್ಟೇ ಬೆಳೆದರೂ ಹಳ್ಳಿ ತನ್ನ ಹಕ್ಕನ್ನು ಬಿಟ್ಟುಕೊಟ್ಟಿಲ್ಲ. ಇದೇ ರಸ್ತೆಯ ರಾಮಕೃಷ್ಣ ಆಶ್ರಮದ ಆವರಣದಲ್ಲಿ ಒಂದು ಬಂಡೆಯಿದೆ. 1911ರಲ್ಲಿ ಬೆಂಗಳೂರಿಗೆ ಬಂದಿದ್ದ ಶಾರದಾದೇವಿಯವರು ಅದರ ಮೇಲೆ ಕೂತಿದ್ದರೆಂದು ಭಕ್ತರು ಈಗಲೂ ಅದಕ್ಕೆ ಕೈಮುಗಿಯುತ್ತಾರೆ.

ನನ್ನನ್ನು ಹೆಚ್ಚು ಸೆಳೆಯುವುದು 1945. ಯುದ್ಧ ಮುಗಿಯುತ್ತಿದೆ, ಸ್ವಾತಂತ್ರ್ಯ ಇನ್ನೂ ಕೈಗೆ ಬಂದಿಲ್ಲ. ಆ ಒಂದೇ ವರ್ಷದಲ್ಲಿ, ಅರ್ಧ ಗಂಟೆ ನಡೆದರೆ ಸುತ್ತಿ ಬರಬಹುದಾದ ಈ ಜಾಗದಲ್ಲಿ, ಮೂರು ಸಂಸ್ಥೆಗಳು ಹುಟ್ಟಿದವು. ಡಿ.ವಿ. ಗುಂಡಪ್ಪನವರ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ, ಬಿ.ಪಿ. ವಾಡಿಯಾ ದಂಪತಿಯ ವಿಶ್ವ ಸಂಸ್ಕೃತಿ ಸಂಸ್ಥೆ, ನ್ಯಾಷನಲ್ ಕಾಲೇಜು. ಮರುವರ್ಷವೇ ಬಿ.ಎಂ. ಶ್ರೀನಿವಾಸಯ್ಯನವರ ಎಂಜಿನಿಯರಿಂಗ್ ಕಾಲೇಜು ಬಂತು.

ಡಿವಿಜಿಗೆ ಆಗ 58 ವರ್ಷ. ಮುಳಬಾಗಿಲಿನಿಂದ ಬಂದು, ಮೆಟ್ರಿಕ್ ದಾಟದೆ, ಪತ್ರಿಕೋದ್ಯಮದಲ್ಲಿ ಹೊಟ್ಟೆ ಹೊರೆದವರು. ‘ಮಂಕುತಿಮ್ಮನ ಕಗ್ಗ’ ಬಂದು ಎರಡು ವರ್ಷವಾಗಿತ್ತಷ್ಟೆ. ಸ್ವರಾಜ್ಯ ಬಂದರೆ ಸಾಲದು, ಅದನ್ನು ನಡೆಸಬಲ್ಲ ಪ್ರಜೆಗಳು ತಯಾರಾಗಬೇಕು ಎಂಬುದು ಅವರ ಜೀವಮಾನದ ಚಿಂತೆ. ಅದಕ್ಕಾಗಿಯೇ ಗುರುವೆಂದು ನಂಬಿದ ಗೋಖಲೆಯವರ ಹೆಸರಿನಲ್ಲಿ ಸಂಸ್ಥೆ ಕಟ್ಟಿದರು, ಪುಸ್ತಕ ಕೂಡಿಸಿದರು, ಎಳೆಯರನ್ನು ಎದುರಿಗೆ ಕೂರಿಸಿಕೊಂಡು ರಾಜ್ಯಶಾಸ್ತ್ರ, ಗೀತೆ, ಸಾಹಿತ್ಯ ಪಾಠ ಹೇಳಿದರು. 1970ರಲ್ಲಿ ನಾಡು ಸನ್ಮಾನಿಸಿ ಕೊಟ್ಟ ನಿಧಿಯನ್ನು ಹಾಗೆಯೇ ಸಂಸ್ಥೆಗೆ ಒಪ್ಪಿಸಿಬಿಟ್ಟರು. ಬಡತನ ಅವರಿಗೆ ಹೊಸದಲ್ಲ. ಹಣದ ಅಗತ್ಯ ಇಲ್ಲದವರ ದಾನವಲ್ಲ ಅದು.

ವಾಡಿಯಾ ಮುಂಬೈ ಕಡೆಯ ಪಾರ್ಸಿ, ಥಿಯೊಸಾಫಿಸ್ಟ್. 1918ರಲ್ಲಿ ಮದ್ರಾಸಿನ ಗಿರಣಿ ಕಾರ್ಮಿಕರ ಸಂಘ ಕಟ್ಟಿದ್ದ ಮನುಷ್ಯ ಕೊನೆಗೆ ಬಸವನಗುಡಿಯಲ್ಲಿ ಗ್ರಂಥಾಲಯ ಮತ್ತು ಉಪನ್ಯಾಸದ ವೇದಿಕೆ ಕಟ್ಟಿದರು. ಈ ಬಡಾವಣೆಯ ಎಷ್ಟೋ ಮಕ್ಕಳು ಮೊದಲ ಇಂಗ್ಲಿಷ್ ಕಥೆಪುಸ್ತಕ ಮುಟ್ಟಿದ್ದು ಅಲ್ಲಿ.

ನ್ಯಾಷನಲ್ ಕಾಲೇಜೆಂದರೆ ಎಚ್. ನರಸಿಂಹಯ್ಯ. ಗೌರಿಬಿದನೂರಿನ ಹತ್ತಿರದ ಹೊಸೂರಿನ ಬಡ ಹುಡುಗ ಓದಿನ ಆಸೆಗೆ ಬೆಂಗಳೂರಿಗೆ ನಡೆದೇ ಬಂದ. ಆನಿ ಬೆಸೆಂಟ್ ಅವರ ಪ್ರೇರಣೆಯಿಂದ 1917ರಲ್ಲಿ ಶುರುವಾಗಿದ್ದ ನ್ಯಾಷನಲ್ ಹೈಸ್ಕೂಲು ಸೇರಿದ. 1942ರ ಚಳವಳಿಯಲ್ಲಿ ಜೈಲು ಕಂಡ. ಅಮೆರಿಕದ ಓಹಾಯೊದಲ್ಲಿ ಭೌತಶಾಸ್ತ್ರದ ಡಾಕ್ಟರೇಟ್ ಪಡೆದು, ಕಾಲೇಜಿನ ಪ್ರಾಂಶುಪಾಲರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ ಮೇಲೂ ಅವರ ವಿಳಾಸ ಬದಲಾಗಲಿಲ್ಲ: ವಿದ್ಯಾರ್ಥಿ ನಿಲಯದ ಒಂದು ಕೊಠಡಿ. ಮದುವೆಯಿಲ್ಲ, ಮನೆಯಿಲ್ಲ. ಬಿಳಿ ಖಾದಿ ಜುಬ್ಬ, ಪಂಚೆ, ತಲೆಗೆ ಟೋಪಿ. ಹುಡುಗರು ಉಂಡ ಊಟವೇ ಅವರ ಊಟ. 1962ರಲ್ಲಿ ಅವರು ಆರಂಭಿಸಿದ ಬೆಂಗಳೂರು ವಿಜ್ಞಾನ ವೇದಿಕೆಯಲ್ಲಿ ವಿಜ್ಞಾನಿಗಳು ಬಂದು ಸಾಮಾನ್ಯ ಜನಕ್ಕೆ ಅರ್ಥವಾಗುವಂತೆ ಮಾತಾಡಿದರು; ಪುಕ್ಕಟೆಯಾಗಿ, ಯಾರು ಬೇಕಾದರೂ ಬಂದು ಕೂರಬಹುದಾದ ಸಭಾಂಗಣದಲ್ಲಿ. ಪ್ರಶ್ನೆ ಕೇಳದೆ ಏನನ್ನೂ ಒಪ್ಪಬೇಡಿ ಎಂದು ಹೇಳುತ್ತಲೇ ಇದ್ದ ಈ ಮನುಷ್ಯ ಪವಾಡಪುರುಷರನ್ನೂ ಪರೀಕ್ಷೆಗೆ ಕರೆದರು. ದೇವಸ್ಥಾನಗಳ ಈ ಬಡಾವಣೆ ಅವರನ್ನು ಎಚ್ಚೆನ್ ಮೇಷ್ಟ್ರೆಂದು ಎದೆಗೊತ್ತಿಕೊಂಡಿತು. ನಾನು ಬಸವನಗುಡಿಯನ್ನು ಮೆಚ್ಚುವುದು ಮುಖ್ಯವಾಗಿ ಈ ಕಾರಣಕ್ಕೆ.

ಎಚ್ಚೆನ್ ಹುಟ್ಟಿದ್ದು ಜೂನ್ 6ರಂದು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಹುಟ್ಟಿದ್ದೂ ಅದೇ ದಿನ, 1891ರಲ್ಲಿ. 95 ತುಂಬಿದ ದಿನವೇ, 1986ರಲ್ಲಿ, ತೀರಿಕೊಂಡದ್ದೂ ಹೌದು. ಗವಿಪುರದಲ್ಲಿ ಅವರ ಮನೆ. ತಮಗಿಂತ ಕಿರಿಯರನ್ನು ಮಂತ್ರಿ ಮಾಡಿದ್ದಕ್ಕೆ ದೊಡ್ಡ ಅಧಿಕಾರಕ್ಕೆ ರಾಜೀನಾಮೆ ಕೊಟ್ಟು ಬಂದ ಮೇಲೆ ಆ ಮನೆಯೇ ಕನ್ನಡದ ಕಚೇರಿಯಾಯಿತು. ‘ಜೀವನ’ ಪತ್ರಿಕೆ ನಡೆಸಿದರು, ಪುಸ್ತಕ ಅಚ್ಚು ಹಾಕಿದರು. ಸಂಜೆಯಾದರೆ ಕೋಟು ತೊಟ್ಟು, ಕೊಡೆ ಹಿಡಿದು, ಬಸವನಗುಡಿ ಕ್ಲಬ್ಬಿಗೆ ಇಸ್ಪೀಟಾಡಲು ನಡೆದು ಹೋಗುತ್ತಿದ್ದರು. 1983ರ ಜ್ಞಾನಪೀಠ ಬಂದ ಮೇಲೂ ಆ ನಡಿಗೆ ನಿಲ್ಲಲಿಲ್ಲ.

ಅದೇ ಗವಿಪುರದ ಸರ್ಕಾರಿ ಕನ್ನಡ ಶಾಲೆಯ ಬೆಂಚಿನಲ್ಲಿ ಕೂತಿದ್ದ ಶಿವಾಜಿರಾವ್ ಎಂಬ ಹುಡುಗ ಮುಂದೆ ಬಿ.ಟಿ.ಎಸ್. ಬಸ್ಸಿನಲ್ಲಿ ಟಿಕೆಟ್ ಹರಿದು, ಮದ್ರಾಸಿಗೆ ಹೋಗಿ ರಜನೀಕಾಂತ್ ಆದ. ಗಾಂಧೀಜಿಯ ಆತ್ಮಕಥೆಯನ್ನು ಕನ್ನಡಕ್ಕೆ ತಂದು ಪ್ರಕಟಿಸಿದ, ಮುಂದೆ ಮೈಸೂರು ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದ ನಿಟ್ಟೂರು ಶ್ರೀನಿವಾಸರಾಯರೂ ಬಸವನಗುಡಿಯವರೇ; ನೂರು ದಾಟಿ ಬಾಳಿದರು. 1943ರಿಂದ ದೋಸೆ ಹುಯ್ಯುತ್ತಿರುವ ವಿದ್ಯಾರ್ಥಿ ಭವನದ ಮುಂದೆ ಸರದಿ ಕಾಯುವ ಜನಕ್ಕೆ ಇವರೆಲ್ಲ ಓಡಾಡಿದ ರಸ್ತೆ ಇದೇ ಎಂದು ಹೇಳುವ ಗುರುತು ಬೇಕು.

ಹೆಂಚಿನ ಮನೆಗಳು ಉರುಳಿ ಅಪಾರ್ಟ್‌ಮೆಂಟ್‌ಗಳಾಗುತ್ತಿವೆ. ನಿವೇಶನದ ಬೆಲೆ ಕೋಟಿ ಮುಟ್ಟಿದ ಮೇಲೆ ವಾರಸುದಾರರನ್ನು ದೂರುವುದು ಸರಿಯಲ್ಲ. ಆದರೆ ಉಳಿದಿರುವ ಸಾಹಿತಿಗಳ, ನ್ಯಾಯಮೂರ್ತಿಗಳ, ಮೇಷ್ಟ್ರುಗಳ ಮನೆ ಮುಂದೆ ಒಂದು ಕಲ್ಲುಫಲಕ ನೆಡಲು, ಕನ್ನಡದಲ್ಲಿ ನಾಲ್ಕು ಸಾಲು ಕೆತ್ತಿಸಲು ಪಾಲಿಕೆಗೆ ದೊಡ್ಡ ಖರ್ಚೇನಿಲ್ಲ. ಗಾಂಧಿ ಬಜಾರಿನ ರಸ್ತೆ ಅಗೆದು ಪಾದಚಾರಿ ಮಾರ್ಗ ಅಗಲ ಮಾಡಿದ್ದಾಯಿತು. ನಡೆಯುವವರಿಗೆ ಓದಲು ಏನಾದರೂ ಇಡುವ ಕೆಲಸ ಬಾಕಿಯಿದೆ. ಮೊದಲ ಫಲಕಕ್ಕೆ ನನ್ನ ಆಯ್ಕೆ ಎಚ್ಚೆನ್ ಅವರ ವಿದ್ಯಾರ್ಥಿ ನಿಲಯದ ಬಾಗಿಲು, ಎರಡನೆಯದಕ್ಕೆ ಗವಿಪುರದ ಮಾಸ್ತಿಯವರ ಗೇಟು.