ದಂಡೋತಿಗೆ ಕಡಲು ದೂರ, ನೀರಲ್ಲ

ಕಲಬುರಗಿ ಜಿಲ್ಲೆಯ ದಂಡೋತಿಯಿಂದ ಕಡಲು ಬಲು ದೂರ. ಆದರೂ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೋಗಲು ನೀರಿನ ತಾಣಗಳಿಗೆ ಬರವಿಲ್ಲ, ಗೊತ್ತೆ? ಚಿಂಚೋಳಿ ತಾಲ್ಲೂಕಿನ ಎತ್ತಿಪೋತ ಜಲಪಾತ ಮೈದುಂಬುವುದು ಮಳೆಗಾಲದಲ್ಲಿ. ಬೇಸಿಗೆಯಲ್ಲಿ ಹೋದರೆ ಬಂಡೆ ನೋಡಿ ಬರಬೇಕು. ತಮಾಷೆಯೆಂದರೆ, ಮಳೆ ಜೋರಾದರೆ ಕಾಗಿಣಾ ನದಿ ಉಕ್ಕಿ ದಂಡೋತಿಯ ಸೇತುವೆಯೇ ಮುಳುಗುತ್ತದೆ! ಮಳೆ ಹೊಳವಾದ ಮೇಲೆ ಹೊರಡುವುದೇ ಜಾಣತನ. ಕಾಡು, ಗುಡ್ಡ ಇಷ್ಟವಿದ್ದರೆ ಚಂದ್ರಂಪಳ್ಳಿ ಜಲಾಶಯ. ಅದರ ಸುತ್ತಲಿನ ಚಿಂಚೋಳಿಯ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು. ಅಜ್ಜ-ಅಜ್ಜಿ ಜತೆಗಿದ್ದರೆ ಭೀಮಾ ತೀರದ ಸನ್ನತಿಯೇ ವಾಸಿ. ಚಂದ್ರಲಾಂಬಾ ದೇವಿಯ ದರ್ಶನವೂ ಆಗುತ್ತದೆ, ಪಕ್ಕದ ಕನಗನಹಳ್ಳಿಯಲ್ಲಿ ಬೌದ್ಧ ಸ್ತೂಪದ ನೆಲೆಯನ್ನೂ ನೋಡಬಹುದು. ‘ರಾಯ ಅಸೋಕ’ ಎಂಬ ಬರಹವುಳ್ಳ ಅಶೋಕನ ಶಿಲ್ಪ ಸಿಕ್ಕಿದ್ದು ಇಲ್ಲೇ. ಬುತ್ತಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ ಇರಲಿ.